ಮದುವೆ ಮನೆಯಲ್ಲಿ ಕ್ಲೈಂಟ್ ಎದುರಾದರೆ: ನನ್ನ ಅನುಭವ

"ಬೆಂಗಳೂರಿನ ನಿಯಮ ಕೊಡಗಿಗೆ ತರಬೇಡಿ ಮೇಡಂ, ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು" ಅಂತ ನನಗೆ ಹೇಳಿದವರು ಐದಾರು ಜನ. ಎಲ್ಲರೂ ನನ್ನ ಹಾಗೇ ಆಪ್ತಸಮಾಲೋಚನೆ (ಕೌನ್ಸೆಲಿಂಗ್) ಮಾಡುವವರು. ಕ್ಲೈಂಟ್ ಜೊತೆ, ಅಂದರೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬರುವವರ ಜೊತೆ, ಬೇರೆ ಸಂಬಂಧ ಬೇಡ ಅನ್ನೋದು ನಮಗೆಲ್ಲ ಗೊತ್ತಿರೋ ಪಾಠವೇ. ಆದರೆ ಮಡಿಕೇರಿಯಲ್ಲಿ ಅದನ್ನು ಮಾಡಿ ತೋರಿಸೋದು ಹೇಗೆ? ಎಡವಿ ಎಡವಿ ಒಂದು ದಾರಿ ಕಂಡುಕೊಂಡಿದ್ದೇನೆ. ನಾಲ್ಕು ವರ್ಷದಿಂದ ನಡೆಯುತ್ತಿದೆ. ಇಲ್ಲಿ ಬರುವ ಕ್ಲೈಂಟ್‌ಗಳನ್ನು ಒಪ್ಪಿಗೆ ಕೇಳಿ, ವಿವರ ಬದಲಿಸಿ ಬರೆದಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು 2018ರ ಆಗಸ್ಟ್‌ನಲ್ಲಿ, ಗುಡ್ಡ ಕುಸಿದಾಗ. ಪರಿಹಾರ ಕೇಂದ್ರದಲ್ಲಿ ಶಾಲೆಯ ಬೆಂಚಿನ ಮೇಲೆ ಕೂತು ಮಾತಾಡಿಸಿದ್ದೆ. ಕೇಳಿದವರಿಗೆಲ್ಲ ಸ್ವಂತ ನಂಬರ್ ಕೊಟ್ಟೆ. ಮನೆ ಕಳೆದುಕೊಂಡ ಒಬ್ಬ ಹೆಂಗಸು ರಾತ್ರಿ ಒಂದಕ್ಕೆ, ಎರಡಕ್ಕೆ ಕರೆ ಮಾಡುತ್ತಿದ್ದರು. ಏಳೆಂಟು ತಿಂಗಳು ಎತ್ತಿದೆ. ಆಮೇಲೆ ಆಗಲಿಲ್ಲ, ಎತ್ತೋದು ಬಿಟ್ಟೆ. "ನೀವೂ ಹೋದಿರಲ್ಲ ಅಕ್ಕಾ" ಅಂತ ಒಂದು ಮೆಸೇಜ್ ಬಂತು. ಅದು ಇನ್ನೂ ಫೋನಿನಲ್ಲಿದೆ.

ಎರಡನೇ ಪೆಟ್ಟು ಮದುವೆ ಮನೆಯಲ್ಲಿ. ಊಟದ ಸಾಲಿನಲ್ಲಿ ಕಡಂಬುಟ್ಟು ಹಾಕಿಸಿಕೊಳ್ಳುತ್ತಾ ತಿರುಗಿದರೆ ನನ್ನ ಕ್ಲೈಂಟ್. "ಈಗ ನಿದ್ದೆ ಬರ್ತಿದೆಯಾ?" ಅಂದುಬಿಟ್ಟೆ. ಪಕ್ಕದಲ್ಲೇ ಅವರ ಅತ್ತೆ. ಕ್ಲೈಂಟ್ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಸಾರು ಸೀರೆಗೆ ಚೆಲ್ಲಿತು. ಮತ್ತೆ ಅವರು ಬರಲಿಲ್ಲ. ಅವರ ಕಡೆಯ ಇನ್ನೂ ಮೂರು ಜನ ಬರೋದು ನಿಲ್ಲಿಸಿದರು.

ಮೂರನೆಯದು ದುಡ್ಡಿನ ವಿಷಯ. ಒಬ್ಬ ತೋಟದವರು ಕೆಲವು ಸಲದ ಫೀಸ್ ಬಾಕಿ ಇಟ್ಟು, ಐದು ಕಿಲೋ ಕರಿಮೆಣಸು ತಂದಿಟ್ಟರು. ಆಗ ಕಿಲೋಗೆ ಐನೂರರ ಆಸುಪಾಸು, ನನ್ನ ಫೀಸ್ ಒಂದು ಸಲಕ್ಕೆ ಆರುನೂರು. ಲೆಕ್ಕ ಸರಿಯಾಯಿತು, ಕೆಲಸ ಕೆಟ್ಟಿತು. ಅವರ ಕುಡಿತದ ಬಗ್ಗೆ ಹೇಳಬೇಕಾದ ಮಾತು ಬಾಯಿಗೆ ಬರಲೇ ಇಲ್ಲ. ಮೆಣಸಿನ ಚೀಲ ಮೂಲೆಯಲ್ಲಿ ಕೂತಿತ್ತಲ್ವಾ?

ಆಮೇಲೆ ಒಂದು ಪುಟದ ಕಾಗದ ಮಾಡಿದೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಪ್ರಿಂಟಿಗೆ ನಾನೂರು ರೂಪಾಯಿ ಆಗಿರಬಹುದು. ಮೊದಲ ದಿನ ಕಷ್ಟ ಕೇಳುವ ಮೊದಲೇ ಅದನ್ನು ಗಟ್ಟಿಯಾಗಿ ಓದುತ್ತೇನೆ, ಇಬ್ಬರೂ ಸಹಿ ಹಾಕುತ್ತೇವೆ. ಅದರಲ್ಲಿರೋದು ಇಷ್ಟು: ರಸ್ತೆಯಲ್ಲಿ, ಮದುವೆಯಲ್ಲಿ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದರೆ ಮಳೆ, ಕಾಫಿ ರೇಟು, ಅಷ್ಟೇ. ಹತ್ತಿರದ ನೆಂಟರಾದರೆ ಬೇರೆಯವರ ಹತ್ತಿರ ಕಳಿಸುತ್ತೇನೆ. ನಾಲ್ಕು ಕಿತ್ತಳೆ ತಂದರೆ ಇಬ್ಬರೂ ಅಲ್ಲೇ ತಿನ್ನೋಣ. ಕಾಫಿ, ಮೆಣಸು ಬೇಡ. ಫೀಸ್ ಕಾಫಿ ಮಾರಿದ ಮೇಲೆ ಕೊಡುವುದಾದರೆ ತಿಂಗಳು, ಮೊತ್ತ ಅಲ್ಲೇ ಬರೆಯೋಣ. ಫೋನ್ ಸಂಜೆ ಆರರವರೆಗೆ. ರಾತ್ರಿಗೆ ಟೆಲಿ ಮಾನಸ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಅದು ಶುರುವಾದದ್ದು ನನಗೆ ದೊಡ್ಡ ಆಸರೆ. ಈ ಕೆಲಸದಲ್ಲಿರುವವರಿಗೆ ಒಂದು ಮಾತು: ನಂಬರ್ ಹೇಳಿ ಸುಮ್ನಾಗಬೇಡಿ, ನಿಮ್ಮ ಎದುರೇ ಅವರ ಮೊಬೈಲಿನಲ್ಲಿ ಸೇವ್ ಮಾಡಿಸಿ.

ಕಾಗದದಲ್ಲಿ ಗುಟ್ಟು ಕಾಪಾಡುವ ಬಗ್ಗೆ ಇರುವ ಸಾಲಿಗೆ ಜಾಸ್ತಿ ಹೊತ್ತು ಕೊಡುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಮಾನಸಿಕ ಕಾಯಿಲೆ ಇರುವವರಿಗೆ ತಮ್ಮ ಗುಟ್ಟು ಕಾಪಾಡಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ ಪೋಕ್ಸೋದ (ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಕಾಯ್ದೆ) 19ನೇ ಕಲಂ ಪ್ರಕಾರ ನಾನು ತಿಳಿಸಲೇಬೇಕು. ಜೀವಕ್ಕೆ ಅಪಾಯ ಅನಿಸಿದರೂ ಸುಮ್ಮನಿರಲ್ಲ. ಇದನ್ನು ಮೊದಲೇ ಹೇಳಿದರೆ ಜನ ಬಾಯಿ ಬಿಡಲ್ಲ ಅಂತ ಹೆದರಿಸಿದ್ದರು. ನನ್ನ ಅನುಭವ ಉಲ್ಟಾ. ಗೆರೆ ಎಲ್ಲಿದೆ ಅಂತ ಗೊತ್ತಾದವರು ಬೇಗ ಮಾತಾಡುತ್ತಾರೆ.

ಮೊದಲ ವರ್ಷ ಕಷ್ಟ ಆಯ್ತು. ಮೂರನೇ ಒಂದು ಭಾಗ ಜನ ಬಿಟ್ಟರು. ತಿಂಗಳಿಗೆ ಇಪ್ಪತ್ತೆಂಟು ಸಾವಿರ ಬರುತ್ತಿದ್ದದ್ದು ಹದಿನೇಳಕ್ಕೆ ಇಳಿಯಿತು, ಅದರಲ್ಲಿ ರೂಮಿನ ಬಾಡಿಗೆ ಆರು. ಎರಡನೇ ವರ್ಷದ ಕೊನೆಗೆ ಮೊದಲಿನ ಮಟ್ಟಕ್ಕೆ ಬಂತು. ಈಗ ನಲವತ್ತರ ಹತ್ತಿರ ಇದೆ, ಬಾಕಿ ಇಲ್ಲವೇ ಇಲ್ಲ. ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ಆ ಕಾಗದದ ಪ್ರತಿ ತೆಗೆದುಕೊಂಡು ಹೋಗಿದ್ದಾರೆ. ತಂದ ಚೀಲವನ್ನು ಮನಸ್ಸು ನೋಯದ ಹಾಗೆ ವಾಪಸ್ ಕಳಿಸೋಕೆ ನಾನು ಹೇಳುವ ಒಂದು ಮಾತಿದೆ. ಅದನ್ನು ಮಾತ್ರ ಬರೆಯಲ್ಲ, ಎದುರು ಸಿಕ್ಕಾಗ ಹೇಳುತ್ತೇನೆ.

ನಡುವೆ, ಒಳಗಿನ ಮಾತು ಹೊರಗೆ ಕೇಳದ ಹಾಗೆ ಮಾಡಲು ಇನ್ನೊಂದು ಪ್ರಯೋಗ. ನನ್ನ ರೂಮಿಗೆ ತಗಡಿನ ಮಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸದ್ದಿಗೆ ಒಳಗಿನ ಮಾತು ಹೊರಗೆ ಕೇಳಲ್ಲ, ಜನ ಮನಸ್ಸು ಬಿಚ್ಚುತ್ತಾರೆ. ಮಾರ್ಚ್‌ನಲ್ಲಿ ಪಿಸುಮಾತಿಗೆ ಇಳಿಯುತ್ತಾರೆ. ಕಾಯುವ ಬೆಂಚಿನ ಹತ್ತಿರ ರೇಡಿಯೋ ಇಟ್ಟೆ, ವಾರ್ತೆ ಬಂದಾಗ ಒಳಗಿನವರ ಗಮನವೇ ಆ ಕಡೆ ಹೋಯಿತು. ಕೊನೆಗೆ ಹಳೇ ಟೇಬಲ್ ಫ್ಯಾನಿನ ಸದ್ದು ಕೆಲಸ ಮಾಡಿತು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಇಪ್ಪತ್ತು ನಿಮಿಷ ಬಿಡುತ್ತೇನೆ, ಮೆಟ್ಟಿಲಲ್ಲಿ ಇಬ್ಬರು ಎದುರಾಗಬಾರದು ಅಂತ.

ಹೋದ ಡಿಸೆಂಬರ್‌ನಲ್ಲಿ, ಪುತ್ತರಿ ಹಬ್ಬ ಮುಗಿದ ಮೇಲೆ, ಆ ಸೀರೆಗೆ ಸಾರು ಚೆಲ್ಲಿದವರು ವಾಪಸ್ ಬಂದರು. ಮೊದಲು ಕ್ಷಮೆ ಕೇಳಿದೆ. ಕಾಗದ ಓದಿದೆ. ಮದುವೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು.

"ಇದು ನನ್ನ ಕಾರಣಕ್ಕೆ ಬರೆದದ್ದಾ?"

"ಹೌದು."

ಸಹಿ ಹಾಕಿದರು. ಮುಂದಿನ ವಾರ ಕಾಫಿ ಕುಯ್ಲು, ಅದರ ಮುಂದಿನ ವಾರ ಬರ್ತೇನೆ ಅಂದರು.