ಎರಡು ದಿನದ ಓಡಾಟ ಮುಗಿದ ಮೇಲೆ ಸುಧಾರಿಸಿಕೊಳ್ಳುವ ಬಗೆ

ಶನಿವಾರ, ಭಾನುವಾರವನ್ನೆಲ್ಲ ಜನರ ನಡುವೆಯೇ ಕಳೆದರೆ ನಿದ್ದೆ ಕೆಟ್ಟಿರುತ್ತದೆ, ಗಂಟಲು ಕಟ್ಟಿರುತ್ತದೆ, ಮಾತಾಡಿ ಮಾತಾಡಿ ತಲೆ ಜಡವಾಗಿರುತ್ತದೆ. ಒಂದೊಂದಕ್ಕೂ ಬೇಕಾದ ವಿಶ್ರಾಂತಿ ಬೇರೆ. ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲ್ ನೋಡುತ್ತಿದ್ದರೆ ಇವುಗಳಲ್ಲಿ ಯಾವುದೂ ಸರಿಹೋಗುವುದಿಲ್ಲ.

ಮೊದಲು ನಿದ್ದೆ. ಹೆಚ್ಚಿನವರು ಎಡವುವುದು ಇಲ್ಲೇ. ಬಾಕಿಯನ್ನೆಲ್ಲ ಒಂದೇ ಬೆಳಿಗ್ಗೆ ತೀರಿಸಹೊರಟು 11 ಗಂಟೆಯವರೆಗೆ ಮಲಗುತ್ತಾರೆ. ಎದ್ದಾಗ ಹಾಯೆನಿಸುತ್ತದೆ, ನಿಜ. ಆದರೆ ದೇಹದ ಗಡಿಯಾರ ತಡವಾಗಿಬಿಡುತ್ತದೆ, ಆ ರಾತ್ರಿ ಎಷ್ಟು ಹೊರಳಾಡಿದರೂ ಕಣ್ಣು ಹತ್ತುವುದಿಲ್ಲ. ಸೋಮವಾರದ ಸುಸ್ತಿಗೆ ಎಷ್ಟೋ ಸಲ ಭಾನುವಾರ ತಡವಾಗಿ ಎದ್ದದ್ದೂ ಕಾರಣ. ಹಾಗಾಗಿ ದಿನಾ ಏಳುವ ಹೊತ್ತಿಗಿಂತ ಒಂದು ಗಂಟೆಯಷ್ಟೇ ಹೆಚ್ಚು ಮಲಗಿ. ಎದ್ದ ಕೂಡಲೇ 10–15 ನಿಮಿಷ ಹೊರಗಿನ ಬೆಳಕಿನಲ್ಲಿರಿ. ಉಳಿದ ಬಾಕಿಯನ್ನು ಮುಂದಿನ ಎರಡು ಮೂರು ರಾತ್ರಿ 30ರಿಂದ 60 ನಿಮಿಷ ಬೇಗ ಮಲಗಿ ತೀರಿಸಿ.

ಮಧ್ಯಾಹ್ನ ತೂಕಡಿಕೆ ತಡೆಯಲಾಗದಿದ್ದರೆ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ, 3 ಗಂಟೆಯೊಳಗೆ ಎದ್ದುಬಿಡಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗುತ್ತದೆ. ಆಗ ಮಲಗುವ ಮುಂಚೆ ಇದ್ದುದಕ್ಕಿಂತ ಹೆಚ್ಚು ಮಂಕು ಕವಿಯುತ್ತದೆ. ಕೆಫೀನಿನ ಅರ್ಧ ಪಾಲು ಐದಾರು ಗಂಟೆಯಾದರೂ ಮೈಯಲ್ಲೇ ಉಳಿಯುತ್ತದೆ, ಆದ್ದರಿಂದ ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ಮದ್ಯ ಬೇಗ ನಿದ್ದೆ ತರಿಸುತ್ತದೆ, ನಡುರಾತ್ರಿಯ ಮೇಲೆ ಪದೇ ಪದೇ ಎಬ್ಬಿಸುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿ. ಸ್ನಾನದ ಮೇಲೆ ಮೈ ತಣಿಯುತ್ತಾ ಬಂದಂತೆ ನಿದ್ದೆ ತಾನಾಗಿ ಬರುತ್ತದೆ.

ಗಂಟಲಿಗೆ ನೀರು ಮತ್ತು ಮೌನ ಸಾಕು. ಧ್ವನಿ ಒಡೆದಾಗ ಪಿಸುಗುಟ್ಟುವುದು ಒಳ್ಳೆಯದೆಂದು ಹಲವರು ನಂಬಿದ್ದಾರೆ. ಒತ್ತಿ ಪಿಸುಗುಟ್ಟಿದರೆ ಧ್ವನಿತಂತುಗಳಿಗೆ ಇನ್ನಷ್ಟು ಶ್ರಮ, ಪದೇ ಪದೇ ಗಂಟಲು ಕೆರೆದುಕೊಂಡರೂ ಅಷ್ಟೇ. ಗದ್ದಲದಿಂದ ಕಿವಿ ಗುಂಯ್‌ಗುಡುತ್ತಿದ್ದರೆ ಎರಡು ದಿನ ಇಯರ್‌ಫೋನ್ ಮುಟ್ಟಬೇಡಿ. ಆಮೇಲೂ ನಿಲ್ಲದಿದ್ದರೆ ಕಿವಿ ವೈದ್ಯರಿಗೆ ತೋರಿಸಿ.

ತಲೆಯ ದಣಿವಿಗೆ ಬೇಕಾದದ್ದು ಯಾರಿಗೂ ಉತ್ತರ ಕೊಡಬೇಕಿಲ್ಲದ ಎರಡು ಗಂಟೆ. ಮನೆಯಲ್ಲಿ ಬೇರೆಯವರಿದ್ದರೆ ಮೊದಲೇ ಹೇಳಿಬಿಡಿ: "ಐದು ಗಂಟೆವರೆಗೆ ನಾನು ಮಾತಿಗೆ ಸಿಗಲ್ಲ, ಸಿಟ್ಟೇನೂ ಇಲ್ಲ." ಹೇಳದೆ ಬಾಗಿಲು ಹಾಕಿಕೊಂಡರೆ "ಏನಾಯ್ತು, ಯಾಕೆ ಹೀಗಿದ್ದೀಯ" ಎಂಬ ವಿಚಾರಣೆ ಶುರುವಾಗಿ ಇದ್ದ ಶಾಂತಿಯೂ ಹೋಗುತ್ತದೆ. ಆ ಹೊತ್ತಿನಲ್ಲಿ ಬಟ್ಟೆ ಮಡಚಿ, ಗಿಡಕ್ಕೆ ನೀರು ಹಾಕಿ, ಅಥವಾ ಅರ್ಧ ಗಂಟೆ ನಿಧಾನವಾಗಿ ನಡೆದು ಬನ್ನಿ. ಕೈಕಾಲಿಗೆ ಹಗುರ ಕೆಲಸವಿದ್ದರೆ ಮನಸ್ಸು ಬೇಗ ತಿಳಿಯಾಗುತ್ತದೆ. ಸುಮ್ಮನೆ ಕೂತರೆ ಯಾರಿಗೋ ಆಡಿದ ಮಾತನ್ನೇ ಮೆಲುಕು ಹಾಕುತ್ತಿರುತ್ತದೆ.

ಇನ್ನು ಮೊಬೈಲ್. ಫೋಟೊಗಳು ಸುರಿಯುವ ಗುಂಪುಗಳನ್ನು 8 ಗಂಟೆ ಮ್ಯೂಟ್ ಮಾಡಿ, ಸಂಜೆ 20 ನಿಮಿಷ ಕೂತು ಎಲ್ಲರಿಗೂ ಒಟ್ಟಿಗೆ ಉತ್ತರಿಸಿ. ಒಂದೊಂದಾಗಿ ಉತ್ತರಿಸುತ್ತಾ ಹೋದರೆ ಸಮಾರಂಭವೇ ಮುಂದುವರಿದಂತೆ.

ಸೋಮವಾರ ಸಂಜೆ ಏನನ್ನೂ ಒಪ್ಪಿಕೊಳ್ಳಬೇಡಿ. ಕಚೇರಿಯಲ್ಲಿ ನಿಮ್ಮ ಕೈಯಲ್ಲಿದ್ದರೆ ಮೊದಲ ಮೀಟಿಂಗನ್ನು 11ರ ನಂತರಕ್ಕೆ ಹಾಕಿ, ಬೆಳಿಗ್ಗೆಗೆ ಒಬ್ಬರೇ ಮಾಡುವ ಮಾಮೂಲಿ ಕೆಲಸ ಇಟ್ಟುಕೊಳ್ಳಿ. ಚೆನ್ನಾಗಿ ನಿದ್ದೆ ಮಾಡಿಯೂ ಎರಡು ವಾರ ಸುಸ್ತು ಬಿಡದಿದ್ದರೆ ಅದಕ್ಕೆ ವಾರಾಂತ್ಯ ಕಾರಣವಲ್ಲ, ವೈದ್ಯರನ್ನು ಕಾಣಿ.