ಮಗುವಿನ ದವಡೆ ಹಲ್ಲು ಹುಳುಕಾದರೆ: ಕೀಳಿಸುವ ಮೊದಲು ಎಣಿಸಿ

"ಹಾಲು ಹಲ್ಲಲ್ಲವೇ ಡಾಕ್ಟರೇ, ಕಿತ್ತುಬಿಡಿ, ಹೊಸದು ಬರುತ್ತದೆ." ರಾಯಚೂರಿನ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಕಳೆದ ಬೇಸಿಗೆಯಲ್ಲಿ ಸಿಂಧನೂರು ಕಡೆಯ ತಂದೆಯೊಬ್ಬರು 8 ವರ್ಷದ ಮಗಳನ್ನು ಕೂರಿಸಿ ಹೀಗೆಯೇ ಹೇಳಿದರು. ಅವರು ಬೆರಳಿಟ್ಟು ತೋರಿಸಿದ್ದು ಶಾಶ್ವತ ಹಲ್ಲು. ಅದರ ಎಡಗಡೆಯ ಜೋಡಿ ಆಗಲೇ ಇರಲಿಲ್ಲ. ಹಾಲು ಹಲ್ಲೆಂದು ತಿಳಿದು ಹಿಂದಿನ ವರ್ಷ ಬೇರೆಲ್ಲೋ ಕೀಳಿಸಿದ್ದರು.

ಆದ್ದರಿಂದ ಮೊದಲ ಕೆಲಸ ಎಣಿಕೆ. ಮುಂದಿನ ಎರಡು ಹಲ್ಲುಗಳ ನಡುಗೆರೆಯಿಂದ ಹಿಂದಕ್ಕೆ ಒಂದು, ಎರಡು ಎನ್ನುತ್ತಾ ಹೋಗಿ. ನಾಲ್ಕನೆಯದೂ ಐದನೆಯದೂ ದವಡೆಯ ಹಲ್ಲುಗಳು. ಸಣ್ಣ ಮಕ್ಕಳಲ್ಲಿ ಅವು ಹಾಲು ಹಲ್ಲು. ಆರನೆಯದು ಶಾಶ್ವತ ಹಲ್ಲು. ಸುಮಾರು 6ನೇ ವಯಸ್ಸಿಗೆ ಯಾವ ಹಲ್ಲೂ ಬೀಳದೆ ಎಲ್ಲಕ್ಕೂ ಹಿಂದೆ ಸದ್ದಿಲ್ಲದೆ ಹುಟ್ಟುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇನ್ನು ಐದನೆಯದು ಹಾಲು ಹಲ್ಲೇ ಆದರೂ 10ರಿಂದ 12 ವರ್ಷದವರೆಗೆ ಬಾಯಲ್ಲಿರಬೇಕು. 5 ವರ್ಷಕ್ಕೇ ಕಿತ್ತರೆ ಆರನೆಯದು ಮುಂದಕ್ಕೆ ಸರಿದು, ಕೆಳಗಿನಿಂದ ಬರುವ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ.

ಹತ್ತಿ ಬಟ್ಟೆಯಿಂದ ಹಲ್ಲು ಒರೆಸಿ, ಮೊಬೈಲ್ ಬೆಳಕಿನಲ್ಲಿ ನೋಡಿ. ಪಿನ್ನಿನಿಂದ ಕೆದಕಬೇಡಿ. ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರ ಕಂದು ಕಲೆ ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳ ಮೇಲಿರುತ್ತದೆ. ಕಲೆಯೆಲ್ಲ ಹುಳುಕಲ್ಲ.

ಎಡವುವುದು ಮುಂದಿನ ಹಂತದಲ್ಲಿ: ನೋವು ಎಂಥದ್ದೆಂದು ತಿಳಿಯುವುದು. ಯಾವ ಚಿಕಿತ್ಸೆ ಎಂಬುದು ಬಹುಪಾಲು ಇದರ ಮೇಲೆಯೇ ನಿಂತಿದೆ. "ನೋಯುತ್ತದೆಯೇ?" ಎಂದು ಮಗುವನ್ನು ಕೇಳಿದರೆ ಪ್ರಯೋಜನವಿಲ್ಲ. ಸೂಜಿಗೆ ಹೆದರಿದ ಮಗು ಇಲ್ಲವೆನ್ನುತ್ತದೆ. ನಾನು ಪಕ್ಕದಲ್ಲಿ ಮಲಗುವ ಅಜ್ಜಿಯನ್ನು ಕೇಳುತ್ತೇನೆ: ರಾತ್ರಿ ಅಳುತ್ತಾ ಏಳುತ್ತದೆಯೇ? ರೊಟ್ಟಿ ಯಾವ ಕಡೆಯಿಂದ ಅಗಿಯುತ್ತದೆ? ಆಮೇಲೆ ಬಾಯಿ ತೆರೆಸುತ್ತೇನೆ. ನೋವಿರುವ ಕಡೆ ಮಗು ಅಗಿಯುವುದಿಲ್ಲ. ಅಲ್ಲಿನ ಹಲ್ಲುಗಳ ಮೇಲೆ ಹಳದಿ ಪಾಚಿ ದಪ್ಪಗೆ ಕಟ್ಟಿರುತ್ತದೆ, ಇನ್ನೊಂದು ಕಡೆ ಹಲ್ಲು ಹೊಳೆಯುತ್ತಿರುತ್ತದೆ. ಸಿಹಿ, ತಣ್ಣೀರು ತಾಗಿದಾಗ ಜುಂ ಎಂದು ಕೂಡಲೇ ನಿಂತರೆ ಒಳಗಿನ ನರ ಬಹುತೇಕ ಚೆನ್ನಾಗಿದೆ. ತಾನಾಗಿಯೇ ಶುರುವಾಗಿ ನಿದ್ದೆಗೆಡಿಸುವ ನೋವು ನರ ಕೆಟ್ಟ ಲಕ್ಷಣ. ಒಸಡಿನ ಮೇಲೆ ಕೀವಿನ ಗುಳ್ಳೆಯಿದ್ದರೆ ಸೋಂಕು ಬೇರಿಗೆ ಇಳಿದಿದೆ. "ಹೋದ ತಿಂಗಳು ನೋವಿತ್ತು, ಈಗ ತಾನಾಗಿಯೇ ಹೋಯಿತು" ಎಂದರೆ ನನಗೆ ಆತಂಕ ಹೆಚ್ಚು: ನರ ಸತ್ತರೆ ನೋವೂ ನಿಲ್ಲುತ್ತದೆ. ಒಂದು ಎಚ್ಚರಿಕೆ: ಎರಡು ಹಲ್ಲುಗಳ ಸಂದಿಯಲ್ಲಿ ಊಟ ಸಿಕ್ಕಿಕೊಂಡರೂ ಮಗು ಇಷ್ಟೇ ಜೋರಾಗಿ ಅಳುತ್ತದೆ. ಸಂದಿ ತೊಳೆದು, ಎಕ್ಸ್‌ರೇ ನೋಡದೆ ತೀರ್ಮಾನ ಬೇಡ.

ಈ ನಡುವೆ ಹಲ್ಲಿನ ಮೇಲೆ ಆಸ್ಪಿರಿನ್ ಪುಡಿ ಇಡುವುದು, ಲವಂಗದೆಣ್ಣೆಯ ಹತ್ತಿ ತುರುಕುವುದು ಬೇಡವೇ ಬೇಡ. ಒಸಡು ಸುಟ್ಟು ಬೆಳ್ಳಗಾದ ಮಕ್ಕಳನ್ನು ನೋಡಿದ್ದೇನೆ. ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ಹುಳುಕನ್ನು ವಾಸಿ ಮಾಡುವುದಿಲ್ಲ.

ಇನ್ನು ಆಯ್ಕೆ. ಹೊಸ ಹಲ್ಲಿನ ಆಳವಾದ ಗೆರೆಗಳಿಗೆ ಸೀಲೆಂಟ್ (ಗೆರೆ ಮುಚ್ಚುವ ತೆಳು ಲೇಪ), ಮೇಲ್ಮೈಯ ಸಣ್ಣ ಕುಳಿಗೆ ಫಿಲ್ಲಿಂಗ್ ಸಾಕು. ಹಾಲಿನ ದವಡೆ ಹಲ್ಲಿನ ಸಂದಿಯೇ ಹುಳುಕಾಗಿದ್ದರೆ ಫಿಲ್ಲಿಂಗ್ ಬೇಡ, ಸ್ಟೀಲ್ ಕ್ಯಾಪ್ ಹಾಕಿಸಿ. ಬಣ್ಣ ಚೆನ್ನಾಗಿಲ್ಲವೆಂದು ಹಲ್ಲಿನ ಬಣ್ಣದ ಫಿಲ್ಲಿಂಗನ್ನೇ ಹಠ ಹಿಡಿದು ಹಾಕಿಸಿಕೊಂಡವರು ಅದು ಕಿತ್ತು ಬಂದ ಮೇಲೆ ಕ್ಯಾಪಿಗೇ ಬಂದಿದ್ದಾರೆ. ನರ ಚೆನ್ನಾಗಿದ್ದು, ಎಕ್ಸ್‌ರೇಯಲ್ಲಿ ಹುಳುಕಿಗೂ ನರಕ್ಕೂ ನಡುವೆ ಗಟ್ಟಿ ಪದರ ಕಂಡರೆ ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ರೂಢಿಸಿದ ವಿಧಾನ ನನಗೆ ಅಚ್ಚುಮೆಚ್ಚು: ಸೂಜಿಯಿಲ್ಲ, ಡ್ರಿಲ್ ಇಲ್ಲ, ಹುಳುಕನ್ನು ಒಳಗೇ ಮುಚ್ಚಿ ಸಿಮೆಂಟಿನಿಂದ ಕ್ಯಾಪ್ ಕೂರಿಸುವುದು. ಆಹಾರ ಸಿಗದ ಹುಳುಕು ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ರಾತ್ರಿ ನೋವು ಅಥವಾ ಗುಳ್ಳೆ ಇದ್ದಲ್ಲಿ ಮಾತ್ರ ಈ ದಾರಿ ಹಿಡಿಯಬಾರದು.

ಹುಳುಕು ನರಕ್ಕೆ ತಾಗಿದ್ದು ಬೇರು ಚೆನ್ನಾಗಿದ್ದರೆ ಪಲ್ಪೋಟಮಿ, ಅಂದರೆ ಮೇಲ್ಭಾಗದ ನರ ಮಾತ್ರ ತೆಗೆಯುವುದು. ಅಲ್ಲಿ ಯಾವ ಔಷಧ ಇಡುತ್ತಾರೆಂದು ಕೇಳಿ. ಹಳೆಯ ಫಾರ್ಮೊಕ್ರೆಸಾಲ್ ದ್ರವಕ್ಕಿಂತ ಎಂಟಿಎ ಎಂಬ ಸಿಮೆಂಟಿನಂಥ ಔಷಧ ದುಬಾರಿಯಾದರೂ ನನ್ನ ಆಯ್ಕೆ ಅದೇ. ಬೇರಿನೊಳಗಿನ ನರವೂ ಕೆಟ್ಟಿದ್ದರೆ ಅದನ್ನೂ ತೆಗೆದು, ಮುಂದೆ ಹಾಲು ಹಲ್ಲಿನ ಬೇರು ಕರಗುವಾಗ ಜೊತೆಗೇ ಕರಗಿಹೋಗುವ ಪೇಸ್ಟ್ ತುಂಬಬೇಕು. ಕೀಳಲೇಬೇಕಾದರೆ ಜಾಗ ಹಿಡಿಯುವ ತಂತಿ ಬೇಕೇ ಎಂದು ಅಂದೇ ಕೇಳಿ.

ಕ್ಯಾಪಿಗೆ ಮುನ್ನ ಸಂದಿಯಲ್ಲಿ ಕೆಲವು ದಿನ ಸಣ್ಣ ರಬ್ಬರ್ ಉಂಗುರ ಇಡುತ್ತೇವೆ. ಅಷ್ಟು ದಿನ ಚಿಕ್ಕಿ, ಚೂಯಿಂಗ್ ಗಮ್ ಬೇಡ. ಉಂಗುರ ಬಿದ್ದರೆ ಕರೆ ಮಾಡಿ, ಮತ್ತೆ ಇಡಬೇಕಾಗುತ್ತದೆ. ಡ್ರಿಲ್ ಇಲ್ಲದೆ ಕ್ಯಾಪ್ ಕೂರಿಸಿದ ಮೇಲೆ ಕಚ್ಚುವಾಗ ಎತ್ತರವೆನಿಸುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಉಜ್ಜಿಸಲು ಓಡಿ ಬರಬೇಡಿ. ಆದರೆ ಮಗು ರಾತ್ರಿ ಎದ್ದು ಅತ್ತರೆ ಮರುದಿನವೇ ಕರೆತನ್ನಿ.