ಊರ್‌ಬೀರ್ ಕುಡಿಯೋದು ಹೇಗೆ: ಒಂದು ಬಾಟ್ಲಿ, ಒಂದೂವರೆ ಗಂಟೆ

ಹೆಸರು ನೋಡಿ ನಮ್ಮೂರ ಬೀರು ಅಂದ್ಕೊಬೇಡಿ. ಡಚ್ ಭಾಷೇಲಿ 'ಊರ್' ಅಂದ್ರೆ ಮೂಲದ್ದು, ಆದಿಕಾಲದ್ದು ಅಂತ. ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನಲ್ಲಿ ಡಿಕ್ಸ್‌ಮೌಡೆ ಪಕ್ಕ ಎಸೆನ್ ಅಂತ ಒಂದು ಹಳ್ಳಿ ಇದೆ, ಅಲ್ಲಿದ್ದ ಒಂದು ಹಳೇ ಬ್ರೂವರೀನ ಅಣ್ಣತಮ್ಮಂದಿರು ಸೇರಿ ತಗೊಂಡು 1980ರಲ್ಲಿ ಬೀರು ಮಾಡೋಕೆ ಶುರು ಮಾಡಿದ್ರು, ಹೆಸರು ಡೆ ಡೊಲ್ಲೆ ಬ್ರೌವರ್ಸ್, ಅಂದ್ರೆ ಹುಚ್ಚು ಬೀರು ಮಾಡೋರು. ಅವರ ಮೊದಲ ಬೀರೇ ಈ ಊರ್‌ಬೀರ್. ಕಡು ಕಂದು ಬಣ್ಣ, 9% ಆಲ್ಕೋಹಾಲು.

ನಾನು ಬೆಲ್ಜಿಯಂನ ಗೆಂಟ್ ಊರಿಗೆ ಬಂದ ಹೊಸದರಲ್ಲಿ ಇದನ್ನ ಕುಡಿದ ರೀತಿ ನೆನೆಸ್ಕೊಂಡ್ರೆ ಈಗ ನಾಚಿಕೆ ಆಗುತ್ತೆ. ಫ್ರೀಜರಲ್ಲಿ ಅರ್ಧ ಗಂಟೆ ಇಟ್ಟು, ಸ್ಟೀಲ್ ಲೋಟಕ್ಕೆ ಬಾಟ್ಲಿ ಉಲ್ಟಾ ಮಾಡಿ ಸುರಿದೆ, ನೊರೆ ಉಕ್ಕಿ ಟೇಬಲ್ ಮೇಲಿದ್ದ ಲ್ಯಾಪ್‌ಟಾಪ್ ತನಕ ಹೋಯ್ತು, ಉಳಿದಿದ್ದನ್ನ ನಾಲ್ಕು ಗುಟುಕಲ್ಲಿ ಮುಗಿಸಿ "ಏನಪ್ಪಾ ಇದು, ಕಾಫ್ ಸಿರಪ್ಪು" ಅಂದೆ. ತಪ್ಪು ಬೀರದ್ದಲ್ಲ. ನಮ್ಮ ಕಡೆ ಸ್ಟ್ರಾಂಗ್ ಅಂದ್ರೆ ಬಾಟ್ಲಿ ಮೇಲೆ 8% ಮೀರಲ್ಲ ಅಂತ ಬರೆದಿರೋ ಆ ಹಳದಿ ಬೀರು, ಅದನ್ನ ಆದಷ್ಟು ತಣ್ಣಗೆ ಆದಷ್ಟು ಬೇಗ ಕುಡಿಯೋದು, ನಾಲಿಗೆಗೆ ಗೊತ್ತಾಗೋ ಮುಂಚೆ ಗಂಟಲು ದಾಟಿದ್ರೆ ಒಳ್ಳೇದು. ಈ ಜಾತಿ ಬೀರು ಪೂರ್ತಿ ಉಲ್ಟಾ, ತಣ್ಣಗಿದ್ದಾಗ ಬಾಯೇ ಬಿಡಲ್ಲ.

ಕುಡಿಯೋ ಮುಂಚೆ ಒಂದು ಲೆಕ್ಕ ತಲೇಲಿರ್ಲಿ. 330 ಎಂಎಲ್ ಬಾಟ್ಲೀಲಿ 9% ಅಂದ್ರೆ ಸುಮಾರು 30 ಎಂಎಲ್ ಶುದ್ಧ ಆಲ್ಕೋಹಾಲು. ನಮ್ಮೂರ 42.8% ವಿಸ್ಕಿ 30 ಎಂಎಲ್ ಸ್ಮಾಲಲ್ಲಿ ಹೆಚ್ಚುಕಮ್ಮಿ 13 ಎಂಎಲ್ ಇರುತ್ತೆ. ಅಂದ್ರೆ ಈ ಪುಟ್ಟ ಬಾಟ್ಲಿ ಎರಡೂಕಾಲು ಸ್ಮಾಲಿಗೆ ಸಮ. ಸಿಹಿ ಇರೋದ್ರಿಂದ ಅದು ಗೊತ್ತಾಗಲ್ಲ, ಎದ್ದು ನಿಂತಾಗ ಗೊತ್ತಾಗುತ್ತೆ. ಗಾಡಿ ಓಡಿಸೋ ದಿನ ಬೇಡವೇ ಬೇಡ, ಒಬ್ಬರಿಗೆ ಒಂದು ಬಾಟ್ಲಿ ಸಾಕು, ಇಬ್ಬರು ಹಂಚ್ಕೊಂಡ್ರೆ ಇನ್ನೂ ಚೆನ್ನ.

ತಂದ ತಕ್ಷಣ ಬಾಟ್ಲೀನ ನಿಲ್ಲಿಸಿ ಇಡಿ, ಮಲಗಿಸಬೇಡಿ. ಬಾಟ್ಲಿಗೆ ತುಂಬಿದ ಮೇಲೂ ಒಳಗೆ ಯೀಸ್ಟ್ ಜೀವಂತ ಇದ್ದು ಅಲ್ಲೇ ಇನ್ನೊಂದ್ಸಲ ಹುದುಗಿ ಗ್ಯಾಸ್ ಮಾಡ್ಕೊಂಡಿರುತ್ತೆ, ಆ ಯೀಸ್ಟು ತಳದಲ್ಲಿ ಗಸಿ ಥರ ಕೂತಿರುತ್ತೆ. ಬ್ಯಾಗಲ್ಲಿ ಅಲ್ಲಾಡ್ಕೊಂಡು ಬಂದಿದ್ದನ್ನ ಅವತ್ತೇ ತೆಗೆದ್ರೆ ಎಲ್ಲಾ ಕಲಕಿ ಬಗ್ಗಡ. ಒಂದೆರಡು ದಿನ ಬಿಟ್ರೆ ಚೆನ್ನಾಗಿ ತಿಳಿಯಾಗುತ್ತೆ.

ಫ್ರಿಜ್ಜಲ್ಲಿಟ್ಟಿದ್ರೆ ಕುಡಿಯೋ ಅರ್ಧ ಮುಕ್ಕಾಲು ಗಂಟೆ ಮುಂಚೆ ಆಚೆ ತೆಗೀರಿ. 10ರಿಂದ 14 ಡಿಗ್ರಿ ಸೆಲ್ಸಿಯಸ್ ಇದ್ರೆ ಸರಿ, ಥರ್ಮಾಮೀಟರ್ ಎಲ್ಲ ಬೇಡ, ಬಾಟ್ಲಿ ಮುಟ್ಟಿದ್ರೆ ತಣ್ಣಗಿದೆ ಅನ್ನಿಸ್ಬೇಕು ಆದ್ರೆ ಕೈ ಜುಮ್ಮನ್ಬಾರ್ದು. ನಮ್ಮೂರಿನ ಬೇಸಿಗೇಲಿ ಕುಡಿಯೋರು ಹತ್ತು ನಿಮಿಷ ಮುಂಚೆ ತೆಗೆದ್ರೂ ನಡೆಯುತ್ತೆ, ರೂಮೇ ಉಳಿದಿದ್ದನ್ನ ಮಾಡ್ಕೊಳುತ್ತೆ.

ಗ್ಲಾಸು ಅಗಲ ಬಾಯಿ, ಗುಂಡು ಹೊಟ್ಟೆ, ಕೆಳಗೆ ಕಾಲು ಇರೋದು. ಬೆಲ್ಜಿಯಂನಲ್ಲಿ ಒಂದೊಂದು ಬೀರಿಗೆ ಅದರದ್ದೇ ಗ್ಲಾಸು ಇರುತ್ತೆ, ಅದರ ಹುಚ್ಚು ನಮಗೆ ಬೇಡ, ಮನೇಲಿರೋ ವೈನ್ ಗ್ಲಾಸು ಧಾರಾಳ ಸಾಕು. ಸ್ಟೀಲ್ ಲೋಟ ಮಾತ್ರ ಬೇಡ ಮಾರಾಯ್ರೆ, ಬಣ್ಣವೂ ಕಾಣಲ್ಲ, ವಾಸನೆಯೂ ನಿಲ್ಲಲ್ಲ. ಗ್ಲಾಸಲ್ಲಿ ಎಣ್ಣೆ ಪಸೆ ಒಂಚೂರು ಇದ್ರೂ ನೊರೆ ಸತ್ತೋಗುತ್ತೆ, ಸಾರಿನ ಪಾತ್ರೆ ಜೊತೆ ಒಂದೇ ಸ್ಕ್ರಬ್ಬರಲ್ಲಿ ಉಜ್ಜಿದ ಗ್ಲಾಸ್ ಆದ್ರೆ ಕಥೆ ಮುಗೀತು. ಇಲ್ಲಿನ ಕೆಫೆಗಳಲ್ಲಿ ಸುರಿಯೋ ಮುಂಚೆ ತಣ್ಣೀರಲ್ಲಿ ಒಂದ್ಸಲ ಜಾಲಿಸ್ತಾರೆ, ನೀವೂ ಹಾಗೇ ಮಾಡಿ, ಒರೆಸೋದು ಬೇಡ.

ಸುರಿಯೋದೇ ಅರ್ಧ ಕೆಲ್ಸ. ಗ್ಲಾಸ್ ಓರೆ ಹಿಡೀರಿ, ಗೋಡೆ ಮೇಲೆ ಸಣ್ಣ ಧಾರೆ ಬಿಡಿ, ಮುಕ್ಕಾಲು ಆದ್ಮೇಲೆ ನೆಟ್ಟಗೆ ಮಾಡಿ ಸ್ವಲ್ಪ ಎತ್ತರದಿಂದ ಬಿಟ್ರೆ ಎರಡು ಬೆರಳು ನೊರೆ ಬರುತ್ತೆ. ಮಧ್ಯ ಮಧ್ಯ ಬಾಟ್ಲೀನ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಬೇಡಿ, ಪ್ರತಿ ಸಲವೂ ತಳದ ಗಸಿ ಮೇಲೆದ್ದು ಬರುತ್ತೆ, ಒಂದೇ ಗ್ಲಾಸಲ್ಲಿ ಹಿಡಿಯಲ್ಲ ಅಂದ್ರೆ ಎರಡು ಗ್ಲಾಸ್ ಪಕ್ಕಪಕ್ಕ ಇಟ್ಕೊಂಡು ಒಂದೇ ಉಸಿರಲ್ಲಿ ಸುರಿದ್ಬಿಡಿ. ತಳದಲ್ಲಿ ಒಂದು ಬೆರಳಷ್ಟು ಬಿಟ್ಬಿಡಿ. ಅದನ್ನ ಚೆಲ್ಲಬೇಡಿ ಮತ್ತೆ, ಕೆಲ್ಸ ಇದೆ.

ಈಗ ಕುಡೀಬೇಡಿ, ನೋಡಿ. ಕಿಟಕಿ ಕಡೆ ಹಿಡಿದ್ರೆ ಅಂಚಲ್ಲಿ ಮಾಣಿಕ್ಯದ ಕೆಂಪು ಕಾಣುತ್ತೆ, ಸ್ಟೌಟ್ ಅನ್ನೋ ಕಪ್ಪು ಬೀರಿನ ಥರ ಕರ್ರಗೆ ಇರಲ್ಲ. ಸ್ಟೌಟಿಗೆ ಬಣ್ಣ ಬರೋದು ಕಾಫಿ ಬೀಜದ ಥರ ಹುರಿದ ಬಾರ್ಲಿಯಿಂದ. ಈ ಬೆಲ್ಜಿಯನ್ ಡಾರ್ಕ್ ಸ್ಟ್ರಾಂಗ್ ಜಾತಿಗೆ ಸಾಮಾನ್ಯವಾಗಿ ಬಣ್ಣ ಕೊಡೋದು ಕ್ಯಾರಮೆಲ್ ಥರದ ಮಾಲ್ಟುಗಳು (ಮಾಲ್ಟ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಇಲ್ಲಾಂದ್ರೆ ಸಕ್ಕರೆ ಕಾಯಿಸಿ ಮಾಡಿದ ಕಪ್ಪು ಕ್ಯಾಂಡಿ ಸಿರಪ್ಪು, ಮಲೆನಾಡಿನ ಜೋನಿ ಬೆಲ್ಲ ನೋಡಿದ್ರೆ ಅದನ್ನ ನೋಡಿದಂಗೇ. ಅದಕ್ಕೇ ಇದರಲ್ಲಿ ಸುಟ್ಟ ಕಹಿ ಇರಲ್ಲ, ಪಾಕದ ರುಚಿ ಇರುತ್ತೆ.

ಮೂಗಿನ ಕೆಲ್ಸಕ್ಕೆ ಅವಸರ ಮಾಡ್ಬೇಡಿ. ಅಂಗೈಲಿ ಗ್ಲಾಸಿನ ಬಾಯಿ ಮುಚ್ಚಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಕೈ ತೆಗೆದು ನಾಯಿ ಮೂಸಿದಂಗೆ ಎರಡು ಮೂರು ಸಣ್ಣ ಸಣ್ಣ ಉಸಿರು ತಗೊಳ್ಳಿ, ಒಂದೇ ದೀರ್ಘ ಉಸಿರು ಎಳೆದ್ರೆ ಆಲ್ಕೋಹಾಲು ಹೊಡೆದು ಮೂಗು ಮಂಕಾಗುತ್ತೆ. ಇಂಗ್ಲಿಷ್ ರಿವ್ಯೂಗಳಲ್ಲಿ ಪ್ಲಮ್ಮು, ಫಿಗ್ಗು, ರಮ್ ಹಾಕಿದ ಫ್ರೂಟ್ ಕೇಕು ಅಂತೆಲ್ಲ ಬರೆದಿರ್ತಾರೆ, ನಾನು ಎರಡು ವರ್ಷ ಅದನ್ನೇ ಹುಡುಕಿ ಹುಡುಕಿ ಸಿಗದೆ ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡಿದ್ದೆ. ಚಿಕ್ಕಂದಿನಲ್ಲಿ ಪ್ಲಮ್ಮೇ ತಿನ್ನದವನಿಗೆ ಅದರ ವಾಸನೆ ಎಲ್ಲಿಂದ ನೆನಪಾಗ್ಬೇಕು ಹೇಳಿ? ಒಂದಿನ ಅಮ್ಮ ಇಲ್ಲಿಗೆ ಬಂದಿದ್ದಾಗ ಗ್ಲಾಸು ಮೂಸಿ ನೋಡಿ, ಕುಡೀಲಿಲ್ಲ ಬರೀ ಮೂಸಿ, "ಇದೇನೋ ಬಾಳೆಹಣ್ಣಿನ ರಸಾಯನ ಇಟ್ಟು ಮರೆತ ಹಂಗಿದೆಯಲ್ಲೋ" ಅಂದ್ರು. ಅಷ್ಟೇ, ನೂರಕ್ಕೆ ನೂರು. ಕಳಿತ ಬಾಳೆಹಣ್ಣು, ಬೆಲ್ಲ, ಏಲಕ್ಕಿ, ಮೇಲೆ ಸ್ವಲ್ಪ ಹುಳಿ ಬಂದಿದೆ.

ಅದು ಬರೀ ಹೋಲಿಕೆನೂ ಅಲ್ಲ. ಬೆಲ್ಜಿಯನ್ ಯೀಸ್ಟುಗಳು ಬೆಚ್ಚಗೆ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಅನ್ನೋದನ್ನ ಮಾಡ್ತವೆ, ಬಾಳೆಹಣ್ಣಿನ ವಾಸನೆಗೆ ಮುಖ್ಯ ಕಾರಣವೂ ಅದೇ ವಸ್ತು. ಲವಂಗ ಮೆಣಸಿನ ಘಮ ಬಂದ್ರೆ ಅದೂ ಯೀಸ್ಟಿನ ಕೆಲ್ಸನೇ, ಎಷ್ಟೋ ಸಲ ಯಾರೂ ಮಸಾಲೆ ಹಾಕಿರಲ್ಲ. ಒಣದ್ರಾಕ್ಷಿ ಖರ್ಜೂರದ ಘಮ ಕಡು ಮಾಲ್ಟಿಂದ. ಹಾಗಾಗಿ ನಿಮ್ಮ ಮನೆ ಅಡುಗೆಮನೆ ಡಬ್ಬಿಗಳನ್ನೇ ಒಂದೊಂದಾಗಿ ನೆನೆಸ್ಕೊಳ್ಳಿ. ಕಜ್ಜಾಯದ ಪಾಕ ಬಂತಾ, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿ ಬಂತಾ, ಹುಣಸೆಹಣ್ಣು? ನಾಚ್ಕೊಳ್ದೆ ಹಾಗೇ ಬರ್ಕೊಳ್ಳಿ.

ಮೊದಲ ಗುಟುಕು ಲೆಕ್ಕಕ್ಕಿಲ್ಲ, ಅದು ಬಾಯಿ ತೊಳೆಯೋಕೆ. ಎರಡನೇದನ್ನ ಒಂದು ಚಮಚದಷ್ಟು ತಗೊಂಡು ನಾಲಿಗೆ ಮೇಲೆಲ್ಲ ಓಡಾಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಲ್ಲಿ ಉಸಿರು ಬಿಡಿ. ವೈನ್ ಟೇಸ್ಟಿಂಗಲ್ಲಿ ಉಗಿದಂಗೆ ಉಗಿಬೇಡಿ, ಬೀರಿನ ಕಹಿ ನುಂಗಿದ ಮೇಲೇ ಪೂರ್ತಿ ಗೊತ್ತಾಗೋದು. ಮೊದ್ಲು ಸಿಹಿ ಬರುತ್ತೆ, ಪಾಯಸ ಕುಡಿದಂಗಾಯ್ತಲ್ಲ ಅನ್ನೋಷ್ಟರಲ್ಲಿ ಅದು ಮಾಯ ಆಗಿ ಬಾಯಿ ಒಣಗುತ್ತೆ, ಎದೇಲಿ ಸಣ್ಣ ಬಿಸಿ. ಈ ಜಾತೀಲಿ ಸಕ್ಕರೆ ಹಾಕೋದು ಸಿಹಿ ಮಾಡೋಕೆ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಾಗಲ್ಲ, ಸಕ್ಕರೇನ ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಆಲ್ಕೋಹಾಲ್ ಮಾಡ್ಬಿಡುತ್ತೆ, ಬೀರು ಭಾರ ಆಗದೆ ಸ್ಟ್ರಾಂಗ್ ಆಗುತ್ತೆ. ಬರೀ ಮಾಲ್ಟಲ್ಲೇ ಅಷ್ಟು ಸ್ಟ್ರಾಂಗ್ ಮಾಡಿದ್ರೆ ಅಂಬಲಿ ಥರ ಮಂದ ಇರುತ್ತೆ.

ಊರ್‌ಬೀರಲ್ಲಿ ಕೊನೇಲಿ ಒಂಚೂರು ಹುಳಿ ಹೊಡೆಯುತ್ತೆ, ಬಾಟ್ಲಿ ಕೆಟ್ಟಿದೆ ಅಂದ್ಕೊಬೇಡಿ. ಇವರು ಮೊದಲಿಂದ ಎಷ್ಟೋ ವರ್ಷ ಯೀಸ್ಟ್ ತರ್ತಿದ್ದಿದ್ದು ಹುಳಿ ಬೀರಿಗೇ ಹೆಸರಾದ ರೋಡನ್‌ಬಾಕ್ ಬ್ರೂವರಿಯಿಂದ, ಆಮೇಲೆ ಅಲ್ಲಿಂದ ಸಿಗೋದು ನಿಂತ್ಹೋಯ್ತು, ಗುಣ ಮಾತ್ರ ಉಳ್ಕೊಂಡಿದೆ. ನಿಜವಾಗಿ ಕೆಟ್ಟಿದ್ರೆ ಬೇರೆ ಥರ ಗೊತ್ತಾಗುತ್ತೆ: ನೆನೆದ ರಟ್ಟಿನ ವಾಸನೆ ಬಂದ್ರೆ ಗಾಳಿ ಸೇರಿ ಹಳಸಿದೆ, ನೇಲ್ ಪಾಲಿಶ್ ಥರ ಮೂಗಿಗೆ ಚುಚ್ಚಿದ್ರೆ ಹುದುಗುವಾಗಲೇ ಎಡವಟ್ಟಾಗಿದೆ. ಸಣ್ಣ ಬ್ರೂವರಿಗಳಲ್ಲಿ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ, ನನಗೆ ಅದೇ ಇಷ್ಟ.

ಅರ್ಧ ಗ್ಲಾಸ್ ಆದ್ಮೇಲೆ ನಿಲ್ಲಿಸಿ. ಅರ್ಧ ಗಂಟೆ ಸುಮ್ನೆ ಬಿಡಿ, ಮಾತಾಡಿ, ಬಟ್ಟೆ ಮಡಚಿ, ಏನಾದ್ರೂ ಮಾಡಿ. ಗ್ಯಾಸ್ ಇಳಿದು ಬೆಚ್ಚಗಾದ ಮೇಲೆ ಬಂದು ಮೂಸಿದ್ರೆ ಬೇರೆಯದೇ ಬೀರು, ಬಾಳೆಹಣ್ಣು ಹಿಂದೆ ಸರಿದು ಖರ್ಜೂರ ಬೆಲ್ಲ ಮುಂದೆ ಬಂದಿರುತ್ತೆ, ಸಣ್ಣಗೆ ಚಾಕ್ಲೇಟು. ಈಗ ಆ ತಳದ ಗಸಿ. ಒಂದೆರಡು ಗುಟುಕು ಬೀರಿಗೆ ಅದನ್ನ ಬೆರೆಸಿ ನೋಡಿ, ಬ್ರೆಡ್ಡಿನ ಹಿಟ್ಟಿನ ರುಚಿ ಬಂದು ಒಟ್ಟಾರೆ ಒರಟಾಗುತ್ತೆ. ನನಗೆ ಇಷ್ಟ ಇಲ್ಲ, ನನ್ನ ಹೆಂಡತಿಗೆ ಅದೇ ಬೇಕು, ಹೊಟ್ಟೆ ಸೂಕ್ಷ್ಮ ಇರೋರು ಬಿಡೋದೇ ವಾಸಿ.

ಜೊತೆಗೆ ತಿನ್ನೋಕೆ ಇಲ್ಲಿಯೋರು ಕಪ್ಪು ಬೀರಲ್ಲೇ ಬೇಯಿಸಿದ ದನದ ಮಾಂಸದ ಸ್ಟೂ ತಿಂತಾರೆ, ಹಳೇ ಚೀಸ್ ತಿಂತಾರೆ. ಖಾರದ ಐಟಂ ದಯವಿಟ್ಟು ಬೇಡ, ಮೆಣಸಿನಕಾಯಿ ಉರಿಗೆ ಆಲ್ಕೋಹಾಲ್ ಉರಿ ಸೇರಿ ಬಾಯಿಗೆ ಬೆಂಕಿ ಬೀಳುತ್ತೆ, ಚಿಕನ್ ಕಬಾಬ್ ಜೊತೆ ಮಾಡಿ ನೋಡಿದೀನಿ, ಎರಡೂ ಹಾಳಾಯ್ತು. ಉಪ್ಪು ಹುರಿದ ಗೋಡಂಬಿ ಪರ್ವಾಗಿಲ್ಲ. ಆದ್ರೆ ಊರಿಂದ ಯಾರಾದ್ರೂ ಧಾರವಾಡ ಪೇಡಾ ತಂದಿದ್ರೆ ಒಂದೇ ಒಂದು ಎತ್ತಿಡಿ, ಕಂದು ಬಣ್ಣ ಬರೋ ತನಕ ಕಾಯಿಸಿದ ಹಾಲಿನ ಆ ರುಚಿಗೂ ಈ ಬೀರಿಗೂ ಅದೇನು ಹೊಂದಾಣಿಕೆನೋ, ತಿಂದೇ ನೋಡ್ಬೇಕು.

ಇಷ್ಟ ಆದ್ರೆ ಮುಂದಿನ ಸಲ ಮೂರು ಬಾಟ್ಲಿ ತಗೊಳ್ಳಿ, ಒಂದು ಈಗ, ಒಂದು ಮುಂದಿನ ವರ್ಷ, ಇನ್ನೊಂದು ಅದರ ಮುಂದಿನ ವರ್ಷಕ್ಕೆ. ಕತ್ತಲಲ್ಲಿ, ಬಿಸಿ ಏರುಪೇರು ಆಗದ ಕಡೆ, ನಿಲ್ಲಿಸಿ ಇಡ್ಬೇಕು, ಕ್ರಮೇಣ ಕಹಿ ಇಳಿದು ಶೆರ್ರಿ ವೈನ್ ಥರ ಆಗ್ತಾ ಹೋಗುತ್ತೆ. ಮುಚ್ಚಳದ ಮೇಲೆ ಮಾರ್ಕರಲ್ಲಿ ತಾರೀಖು ಬರೀರಿ. ನಾನು ತೊಗರಿಬೇಳೆ ಡಬ್ಬದ ಹಿಂದೆ ಇಡ್ತೀನಿ, ಮನೆಗೆ ಬರೋ ಫ್ರೆಂಡ್ಸು ಫ್ರಿಜ್ಜು ಬಿಟ್ಟು ಅಲ್ಲಿ ತನಕ ಬರಲ್ಲ.